ಡೇಕೇರ್‌ನಲ್ಲಿ ಕೂಸಿನ ಆರೈಕೆ ಸರಿಯಿಲ್ಲ ಅನ್ನಿಸಿದರೆ

"ಸರಿಯಾಗಿ ನೋಡಿಕೊಳ್ಳುತ್ತಿಲ್ಲ" ಅಂತ ಸುಮ್ನೆ ದೂರಿದರೆ ಆಯಾಗೆ ಬೇಜಾರಾಗುತ್ತದೆ, ಉತ್ತರ ಮಾತ್ರ ಸಿಗುವುದಿಲ್ಲ. ಬಿಡಿಸಿ ಕೇಳಿ. ಹಾಲು ಎಷ್ಟು ಹೊತ್ತಿಗೆ ಕುಡಿಯಿತು, ಎಷ್ಟು ಉಳಿಯಿತು, ಡೈಪರ್ ಯಾವಾಗ ಬದಲಾಯಿಸಿದರು, ಎಷ್ಟು ಹೊತ್ತು ಮಲಗಿತ್ತು, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿ.

ಮಳೆಗಾಲದಲ್ಲಿ ತೀರ್ಥಹಳ್ಳಿ, ಸಾಗರದ ಕಡೆ ಬಟ್ಟೆ ಒಣಗುವುದೇ ಕಷ್ಟ, ಅಲ್ವಾ? ತೊಡೆಸಂದಿ ಕೆಂಪಾದ ಕೂಡಲೇ ಜಗಳಕ್ಕೆ ಹೋಗಬೇಡಿ, ಹಸಿ ಬಟ್ಟೆಯಿಂದಲೂ ಹಾಗಾಗುತ್ತದೆ. ಜಾಸ್ತಿ ಬಟ್ಟೆ ಕೊಟ್ಟು ನೋಡಿ. ಬೆಳಿಗ್ಗೆ ಹಾಕಿದ ಡೈಪರ್ರೇ ಸಂಜೆಯೂ ಇದ್ದರೆ ಅದು ಬೇರೆ ವಿಷಯ, ಅವತ್ತೇ ಕೇಳಿ.

ಎರಡು ವಿಷಯದಲ್ಲಿ ರಾಜಿ ಬೇಡ. ಕೂಸನ್ನು ಅಂಗಾತವೇ ಮಲಗಿಸಬೇಕು; ಚಳಿ ಅಂತ ಕಂಬಳಿ, ದಿಂಬು ಒಟ್ಟಬಾರದು, ಬೆಚ್ಚನೆಯ ಬಟ್ಟೆ ಹಾಕಿದರೆ ಸಾಕು. ಹಿಂಡಿಟ್ಟ ಎದೆಹಾಲನ್ನು ಫ್ರಿಜ್ಜಿನ ಹೊರಗೆ 4 ಗಂಟೆಗಿಂತ ಜಾಸ್ತಿ ಇಡಬಾರದು. ಕರೆಂಟ್ ಹೋದರೆ ಏನು ಮಾಡುತ್ತಾರೆ ಅಂತಲೂ ಕೇಳಿ, ನಮ್ಮ ಕಡೆ ಹೋಗದೇ ಇರುತ್ತದಾ!

ಮಾತಾಡಲು ಸಂಜೆಯ ಗಡಿಬಿಡಿ ಬೇಡ. ಹತ್ತು ನಿಮಿಷ ಬಿಡುವು ಕೇಳಿ, ನಡೆಸುವವರ ಜೊತೆಗೇ ಕೂತು ಮಾತಾಡಿ. ನಡುವೆ ಒಮ್ಮೆ ಹೇಳದೇ ಹೋಗಿ. ಒಳಗೆ ಬಿಡಲು ತಕರಾರು ಮಾಡುವ ಜಾಗ ನನಗಂತೂ ಹಿಡಿಸುವುದಿಲ್ಲ. 50 ಅಥವಾ ಹೆಚ್ಚು ನೌಕರರಿರುವ ಕಂಪನಿಯ ಶಿಶುವಿಹಾರವಾದರೆ, ಕಾನೂನಿನ ಪ್ರಕಾರವೇ ತಾಯಿ ದಿನಕ್ಕೆ 4 ಸಲ ಹೋಗಿ ನೋಡಬಹುದು.

ಕಾರಣ ಹೇಳಲಾಗದ ಗಾಯ, ಏಳಿಸಿದರೂ ಏಳದ ಮಂಪರು ಕಂಡರೆ ಚರ್ಚೆ ಆಮೇಲೆ. ಮೊದಲು ಡಾಕ್ಟರ್ ಹತ್ತಿರ ಹೋಗಿ, ಫೋಟೋ ತೆಗೆದಿಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.