ಕಿಲಿಮಂಜಾರೋ ಚಾರಣಕ್ಕೆ ನಾನು ತಯಾರಾದ ಬಗೆ

ಬಡಮಕ್ಕಳ ಚಿಕಿತ್ಸೆಗೆ ನೆರವಾಗುವ ಒಂದು ಸಂಸ್ಥೆಗೆ ಹಣ ಕೂಡಿಸಲು ಆಫ್ರಿಕಾದ ಕಿಲಿಮಂಜಾರೋ ಬೆಟ್ಟ ಹತ್ತಲು ಹೊರಟಿದ್ದೆ. ದೇಣಿಗೆ ಕೇಳಿ ಬರೆದ ಪತ್ರದಲ್ಲೇ ಒಂದು ಸಾಲು ಸೇರಿಸಿದ್ದೆ: ನಾನು ತುದಿ ಮುಟ್ಟದೆ ವಾಪಸ್ ಬಂದರೂ ನಿಮ್ಮ ಹಣ ಮಕ್ಕಳ ಚಿಕಿತ್ಸೆಗೇ ಹೋಗುತ್ತದೆ. "ಹೊರಡೋ ಮೊದಲೇ ಇದೇನು ಅಪಶಕುನ?" ಅಂದರು ಒಬ್ಬ ಗೆಳೆಯರು. ನಾನು ಆ ಸಾಲನ್ನು ತೆಗೆಯಲಿಲ್ಲ. ಸುಮ್ನೆ ಸುತ್ತಾಡಲು ಹೋದವರಿಗೆ ತಲೆ ಸಿಡಿಯತೊಡಗಿದರೆ ಇಳಿದು ಬರುತ್ತಾರೆ. ನೂರಾರು ಜನರ ಹೆಸರು ತಲೆಯಲ್ಲಿಟ್ಟುಕೊಂಡು ಹೋದವರಿಗೆ ಇಳಿಯಲು ನಾಚಿಕೆ. ಎತ್ತರದಲ್ಲಿ ಆ ನಾಚಿಕೆ ಜೀವಕ್ಕೇ ಮುಳುವಾಗಬಹುದು.

ಇನ್ನೊಂದು ಮಾತನ್ನೂ ಪತ್ರದಲ್ಲಿ ಬಿಡಿಸಿ ಬರೆದೆ. ವಿಮಾನ, ಪರವಾನಗಿ, ಗೈಡ್, ಎಲ್ಲ ಖರ್ಚು ನನ್ನದೇ. ದೇಣಿಗೆ ನೇರವಾಗಿ ಸಂಸ್ಥೆಯ ಖಾತೆಗೆ. ಕೆಲವು ಚಾರಣಗಳಲ್ಲಿ ಕೂಡಿಸಿದ ಹಣದಲ್ಲೇ ಪ್ರಯಾಣದ ಖರ್ಚನ್ನೂ ಕಳೆಯುತ್ತಾರೆ. ಅದು ತಪ್ಪು ಅಂತ ಹೇಳಲಾರೆ, ಆದರೆ ಕೊಡುವವರಿಗೆ ಅದು ಮೊದಲೇ ಗೊತ್ತಿರಬೇಕು ಅಲ್ವಾ?

ಈಗ ಬೆಟ್ಟದ ವಿಷಯ. ಕಿಲಿಮಂಜಾರೋದ ತುದಿ ಉಹುರು, 5,895 ಮೀಟರ್. ಅಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು 21 ಶೇಕಡಾವೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ, ಹಾಗಾಗಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಹೆಚ್ಚುಕಡಿಮೆ ಅರ್ಧವೇ. ದೇಹ ಇದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು. ದಿನಾ ಓಡುವ ಗಟ್ಟಿಮುಟ್ಟಾದ ಆಳು ಕೂಡ ಎತ್ತರದ ಕಾಯಿಲೆಯಿಂದ ಮಲಗಬಹುದು, ಪಕ್ಕದಲ್ಲೇ ಏದುಸಿರು ಬಿಡುತ್ತಾ ಬಂದವರು ಆರಾಮಾಗಿರಬಹುದು. ಜಿಮ್‌ನಲ್ಲಿ ಇದಕ್ಕೆ ತಯಾರಿ ಇಲ್ಲ.

ಅದಕ್ಕೇ ನನ್ನ ಹಣದ ಜಾಸ್ತಿ ಪಾಲು ಹೋದದ್ದು ಬೆಟ್ಟದಲ್ಲಿ ಹೆಚ್ಚು ದಿನ ಕಳೆಯುವುದಕ್ಕೆ. ಮರಂಗು ದಾರಿಯಲ್ಲಿ ಐದು ದಿನದಲ್ಲಿ ಮುಗಿಸಿ ಬರಬಹುದು, ಅಗ್ಗವೂ ಹೌದು. ನಾನು ಎಂಟು ದಿನದ ಲೆಮೊಶೊ ದಾರಿ ಆರಿಸಿಕೊಂಡೆ. ಅದರಲ್ಲಿ ಒಂದು ದಿನ ಲಾವಾ ಟವರ್ ಹತ್ತಿರ 4,600 ಮೀಟರ್‌ವರೆಗೆ ಹತ್ತಿಸಿ, ರಾತ್ರಿ ಮಲಗಲು ಬರಾಂಕೋ ಶಿಬಿರಕ್ಕೆ 4,000 ಮೀಟರ್‌ಗಿಂತ ಕೆಳಗೆ ಇಳಿಸುತ್ತಾರೆ. ಹತ್ತಿದ್ದನ್ನೆಲ್ಲ ಇಳಿಯೋದು ದಂಡ ಅನ್ನಿಸುತ್ತದೆ. ದೇಹ ಕಲಿಯುವುದು ಅಲ್ಲೇ.

ಕಾಲಿಗೆ ಬೇಕಾದ ತಯಾರಿ ಬೇರೆ. ಬೆನ್ನಿಗೆ ನೀರಿನ ಬಾಟಲಿ ತುಂಬಿದ ಚೀಲ, ಕಾಲಿಗೆ ಅಲ್ಲಿಗೆ ಹಾಕಿಕೊಂಡು ಹೋಗುವ ಅದೇ ಬೂಟು, ಬಹುಮಹಡಿ ಕಟ್ಟಡದ ಮೆಟ್ಟಿಲು. ಹತ್ತೋದಕ್ಕಿಂತ ಇಳಿಯೋದನ್ನೇ ಜಾಸ್ತಿ ಅಭ್ಯಾಸ ಮಾಡಿದೆ. ಲೆಕ್ಕ ನೋಡಿ: ತುದಿಗೆ ಮುಂಚಿನ ಕೊನೆಯ ಶಿಬಿರ ಬರಾಫು, ಸುಮಾರು 4,670 ಮೀಟರ್. ನಡುರಾತ್ರಿ ಅಲ್ಲಿಂದ ಹೊರಟು 1,200 ಮೀಟರ್ ಹತ್ತಬೇಕು. ಅದೇ ದಿನ ಮ್ವೆಕಾ ಶಿಬಿರದವರೆಗೆ 2,700 ಮೀಟರ್‌ಗೂ ಹೆಚ್ಚು ಇಳಿಯಬೇಕು. ಮಂಡಿ, ತೊಡೆ ಹಿಡಿದುಕೊಳ್ಳೋದು ಆಗಲೇ. ವಾರದ ಕೊನೆಗೆ ಉದ್ದ ನಡಿಗೆ, ಪಕ್ಕದವರ ಜೊತೆ ಮಾತಾಡಲು ಆಗುವಷ್ಟೇ ವೇಗ. ಮಾತು ತುಂಡಾದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ.

ಡೈಮಾಕ್ಸ್ ಬಗ್ಗೆ ವೈದ್ಯರನ್ನು ಕೇಳಿದೆ. ಉಸಿರಾಟ ಹೆಚ್ಚಿಸಿ ದೇಹ ಬೇಗ ಒಗ್ಗಲು ನೆರವಾಗುವ ಮಾತ್ರೆ ಅದು. ಸಲ್ಫಾ ಔಷಧಿಗಳ ಅಲರ್ಜಿ ಇದ್ದವರು ಅದನ್ನು ಮೊದಲೇ ಹೇಳಲೇಬೇಕು. ವೈದ್ಯರ ಸಲಹೆಯಂತೆ ಮನೆಯಲ್ಲೇ ತೆಗೆದುಕೊಂಡು ನೋಡಿದೆ. ಬೆರಳ ತುದಿಯಲ್ಲಿ ಜುಮುಜುಮು, ಪದೇ ಪದೇ ಮೂತ್ರ. ಇದು ಗೊತ್ತಿದ್ದರಿಂದ ಡೇರೆಯಲ್ಲಿ ಗಾಬರಿಯಾಗಲಿಲ್ಲ.

ಸಾಮಾನಿನ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ. ಎರಡೇ ಮಾತು. ತುದಿಯ ರಾತ್ರಿ ಕೊಳವೆಯಿಂದ ಹೀರುವ ನೀರಿನ ಚೀಲ ನಂಬಬೇಡಿ, ಕೊಳವೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ದಪ್ಪ ಕಾಲುಚೀಲದೊಳಗೆ ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲೇರಿ ತಳದ ಕಡೆ ಕಟ್ಟುತ್ತದೆ, ಮುಚ್ಚಳ ಬಿಚ್ಚಲು ಬರುತ್ತದೆ. ಫೋನು, ಹೆಡ್‌ಲ್ಯಾಂಪಿನ ಬ್ಯಾಟರಿ ರಾತ್ರಿ ಮಲಗುವ ಚೀಲದೊಳಗೇ ಇರಲಿ.

ಗೈಡ್ ಜೊತೆ ಮೊದಲ ಸಂಜೆಯೇ ಮಾತಾಡಿ ಒಪ್ಪಂದ ಮಾಡಿಕೊಂಡೆವು. ತಲೆನೋವು, ವಾಕರಿಕೆ ಇದ್ದರೆ ಮುಚ್ಚಿಡದೆ ಹೇಳುವುದು, ಕಡಿಮೆಯಾಗುವವರೆಗೆ ಮೇಲೆ ಹೋಗದಿರುವುದು. ಯಾರಾದರೂ ನಡೆಯುವಾಗ ತೂರಾಡಿದರೆ, ಮಾತು ತಡವರಿಸಿದರೆ, ಸುಮ್ಮನೆ ಕೂತಿದ್ದಾಗಲೂ ಉಸಿರು ಕಟ್ಟಿದರೆ ಚರ್ಚೆಯಿಲ್ಲ, ಆ ಕ್ಷಣವೇ ಕೆಳಕ್ಕೆ. ಹೊತ್ತು ಯಾವುದೇ ಇರಲಿ. ಇದನ್ನು ತೀರ್ಮಾನಿಸುವವರು ಗೈಡ್, ನಾವಲ್ಲ.

ಸಾಮಾನು ಹೊರುವ ಪೋರ್ಟರ್‌ಗಳ ವಿಷಯವನ್ನು ಚಾರಣದ ಕಂಪನಿ ಆರಿಸುವಾಗಲೇ ಕೇಳಿದ್ದೆ: ದಿನಕ್ಕೆ ಕೂಲಿ ಎಷ್ಟು, ಊಟ ಎಷ್ಟು ಹೊತ್ತು, ಮಲಗಲು ಡೇರೆ ಇದೆಯಾ? ಒಬ್ಬರು ಉತ್ತರ ಕೊಡದೆ ಜಾರಿಕೊಂಡರು, ಅವರನ್ನು ಬಿಟ್ಟೆ. ಬಡಮಕ್ಕಳ ಹೆಸರಲ್ಲಿ ಹಣ ಕೂಡಿಸಿ, ನಮ್ಮ ಚೀಲ ಹೊರುವವರಿಗೆ ಅರ್ಧ ಕೂಲಿ ಕೊಡೋದು ಯಾವ ನ್ಯಾಯ? ನನ್ನ ಚೀಲವನ್ನು 15 ಕಿಲೋ ಒಳಗೇ ಕಟ್ಟಿದೆ. ಅವರಿಗೆ ಕೊಡುವ ಟಿಪ್ಸ್ ಹಣವನ್ನು ಹೊರಡುವ ಮೊದಲೇ ಬೇರೆ ಲಕೋಟೆಯಲ್ಲಿ ಎತ್ತಿಟ್ಟಿದ್ದೆ, ದೇಣಿಗೆಯ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲದಂತೆ.