ಹಳೆಯ ಚೀಟಿಗೆ ಇಂದಿನ ಬೆಲೆ: ಸೂಚ್ಯಂಕವನ್ನು ಲೆಕ್ಕ ಹಾಕುವ ಬಗೆ

ಬಿ.ಕಾಂ. ಮತ್ತು ಬಿಬಿಎ ವಿದ್ಯಾರ್ಥಿಗಳು ಓದುವ ವ್ಯವಹಾರ ಸಂಖ್ಯಾಶಾಸ್ತ್ರದಲ್ಲಿ ಸೂಚ್ಯಂಕಗಳ ಅಧ್ಯಾಯದಷ್ಟು ಸುಲಭವಾದ ಗಣಿತ ಬೇರೆಲ್ಲೂ ಇಲ್ಲ. ಹಿಂದಿನ ಒಂದು ವರ್ಷದ ಬೆಲೆಮಟ್ಟವನ್ನು 100 ಎಂದಿಟ್ಟುಕೊಂಡರೆ ಈಗಿನದು ಎಷ್ಟು ಎಂದು ತೋರಿಸುವ ಅಂಕಿಯೇ ಬೆಲೆ ಸೂಚ್ಯಂಕ. ಗುಣಿಸಲು, ಕೂಡಲು, ಭಾಗಿಸಲು ಬಂದರೆ ಸಾಕು. ಒಂದು ಕಡೆ ಮಾತ್ರ ವರ್ಗಮೂಲ ತೆಗೆಯಬೇಕಾಗುತ್ತದೆ. ಆದರೂ ಸೂತ್ರಗಳನ್ನು ಉರು ಹೊಡೆದು ಹೋದವರು ಪರೀಕ್ಷೆಯ ಕೊಠಡಿಯಲ್ಲಿ ಈಗಿನ ಬೆಲೆಯ ಗುರುತಾದ ಪಿ ಒನ್ ಮೇಲೋ ಕೆಳಗೋ, ಪಕ್ಕದಲ್ಲಿ ಆಗಿನ ಪ್ರಮಾಣದ ಕ್ಯೂ ನಾಟ್ ಬರಬೇಕೋ ಈಗಿನ ಪ್ರಮಾಣದ ಕ್ಯೂ ಒನ್ ಬರಬೇಕೋ ಎಂದು ತಡಕಾಡುವುದುಂಟು. ಒಂದೊಂದು ಸೂತ್ರವೂ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದನ್ನು ಹಿಡಿದುಕೊಂಡರೆ ಈ ತಡಕಾಟ ತಪ್ಪುತ್ತದೆ.

ಮೊದಲು ಮಾಹಿತಿಯನ್ನು ಜೋಡಿಸಿಕೊಳ್ಳಬೇಕು. ಹೋಲಿಕೆಗೆ ನೆಲೆಯಾಗಿ ಇಟ್ಟುಕೊಂಡ ವರ್ಷವು ಆಧಾರ ವರ್ಷ. ಅದರ ಬೆಲೆ ಪಿ ನಾಟ್, ಪ್ರಮಾಣ ಕ್ಯೂ ನಾಟ್. ಚಾಲ್ತಿ ವರ್ಷದ ಬೆಲೆ ಪಿ ಒನ್, ಪ್ರಮಾಣ ಕ್ಯೂ ಒನ್. ಲೆಕ್ಕಕ್ಕೆಂದು ಒಂದು ಮನೆಯ ತಿಂಗಳ ದಿನಸಿಯನ್ನು ಊಹಿಸಿಕೊಳ್ಳೋಣ.

ಅಕ್ಕಿ: ಆಗ ಕಿಲೋಗೆ 40 ರೂಪಾಯಿ, 20 ಕಿಲೋ, ಈಗ 50 ರೂಪಾಯಿ, 20 ಕಿಲೋ.
ತೊಗರಿಬೇಳೆ: ಆಗ ಕಿಲೋಗೆ 100 ರೂಪಾಯಿ, 4 ಕಿಲೋ; ಈಗ 160 ರೂಪಾಯಿ, 3 ಕಿಲೋ.
ಅಡುಗೆ ಎಣ್ಣೆ: ಆಗ ಲೀಟರಿಗೆ 120 ರೂಪಾಯಿ, 5 ಲೀಟರ್, ಈಗ 150 ರೂಪಾಯಿ, 4 ಲೀಟರ್.

ಪ್ರಮಾಣವನ್ನು ಬದಿಗಿಟ್ಟು ಬೆಲೆಗಳನ್ನಷ್ಟೇ ಕೂಡಿದರೆ ಏನಾಗುತ್ತದೆ ಎಂಬುದನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಈಗಿನ ಬೆಲೆಗಳ ಮೊತ್ತ 360, ಆಗಿನದು 260. ಭಾಗಿಸಿ 100ರಿಂದ ಗುಣಿಸಿದರೆ 138.46 ಬರುತ್ತದೆ. ಈಗ ಎಣ್ಣೆಯ ದರವನ್ನು ಲೀಟರಿಗೆ ಬದಲಾಗಿ 15 ಲೀಟರಿನ ಡಬ್ಬಕ್ಕೆ ಬರೆಯಿರಿ. ಆಗ 1,800 ಇದ್ದದ್ದು ಈಗ 2,250 ಆಗುತ್ತದೆ. ಮೊತ್ತಗಳು ಕ್ರಮವಾಗಿ 1,940 ಮತ್ತು 2,460, ಸೂಚ್ಯಂಕ 126.80. ಅಂಗಡಿಯಲ್ಲಿ ಯಾವ ಬೆಲೆಯೂ ಬದಲಾಗಿಲ್ಲ, ಅಳತೆ ಮಾತ್ರ ಬದಲಾಗಿದೆ. ಅಷ್ಟಕ್ಕೇ ಉತ್ತರ ಹನ್ನೊಂದು ಅಂಶಗಳಿಗಿಂತ ಹೆಚ್ಚು ಕುಸಿಯಿತು. ಸರಳ ಮೊತ್ತದ ವಿಧಾನವನ್ನು ಪಠ್ಯದಲ್ಲಿ ಮೊದಲು ಕಲಿಸಿದರೂ ವ್ಯವಹಾರದಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ. ಪ್ರತಿ ವಸ್ತುವಿಗೂ ಅದರ ಬಳಕೆಗೆ ತಕ್ಕ ತೂಕ, ಅಂದರೆ ಲೆಕ್ಕದಲ್ಲಿ ತಕ್ಕಷ್ಟು ಪ್ರಾಮುಖ್ಯ, ಕೊಡಲೇಬೇಕು.

ಮುಂದಿನ ಹೆಜ್ಜೆಯಲ್ಲಿ ನಾಲ್ಕು ಕಂಬಸಾಲುಗಳನ್ನು ಎಳೆದು ಬೆಲೆ ಮತ್ತು ಪ್ರಮಾಣಗಳನ್ನು ಗುಣಿಸಿ ಕೂಡಬೇಕು. ಆಗಿನ ಪ್ರಮಾಣಕ್ಕೆ ಆಗಿನ ಬೆಲೆ ಹಾಕಿದರೆ 1,800. ಆಗಿನ ಪ್ರಮಾಣಕ್ಕೆ ಈಗಿನ ಬೆಲೆ ಹಾಕಿದರೆ 2,390. ಈಗಿನ ಪ್ರಮಾಣಕ್ಕೆ ಆಗಿನ ಬೆಲೆ ಹಾಕಿದರೆ 1,580. ಈಗಿನ ಪ್ರಮಾಣಕ್ಕೆ ಈಗಿನ ಬೆಲೆ ಹಾಕಿದರೆ 2,080. ಮುಂದಿನ ಲೆಕ್ಕವೆಲ್ಲ ಈ ನಾಲ್ಕು ಮೊತ್ತಗಳಿಂದಲೇ ಆಗುವುದರಿಂದ ಇಲ್ಲಿ ಅವಸರ ಮಾಡಬಾರದು.

ಜರ್ಮನಿಯ ಅರ್ಥಶಾಸ್ತ್ರಜ್ಞ ಲಾಸ್ಪಿಯರ್ 1871ರಲ್ಲಿ ಮಂಡಿಸಿದ ಸೂತ್ರವು ಕೇಳುವುದು ಇಷ್ಟು: ಹಳೆಯ ಸಾಮಾನಿನ ಚೀಟಿಯನ್ನೇ ಇಂದು ಅಂಗಡಿಗೆ ಒಯ್ದರೆ ಎಷ್ಟು ಪಟ್ಟು ಹಣ ತೆರಬೇಕಾಗುತ್ತದೆ? 2,390ನ್ನು 1,800ರಿಂದ ಭಾಗಿಸಿ 100ರಿಂದ ಗುಣಿಸಿದರೆ 132.78. ಅದೇ ದೇಶದ ಪಾಶೆ 1874ರಲ್ಲಿ ಚೀಟಿಯನ್ನು ಬದಲಿಸಿದರು: ಇಂದು ಕೊಳ್ಳುತ್ತಿರುವ ಸಾಮಾನನ್ನೇ ಆಗ ಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂಬುದು ಅವರ ಪ್ರಶ್ನೆ. 2,080ನ್ನು 1,580ರಿಂದ ಭಾಗಿಸಿ 100ರಿಂದ ಗುಣಿಸಿದರೆ 131.65. ಬೇಳೆ ದುಬಾರಿಯಾದಾಗ ಮನೆಯವರು ಒಂದು ಕಿಲೋ ಕಡಿಮೆ ತಂದರಲ್ಲವೇ, ಆ ಹೊಂದಾಣಿಕೆ ಲಾಸ್ಪಿಯರ್ ಲೆಕ್ಕಕ್ಕೆ ಕಾಣಿಸುವುದಿಲ್ಲ. ಆದ್ದರಿಂದಲೇ ಅದರ ಉತ್ತರ ಸಾಮಾನ್ಯವಾಗಿ ಪಾಶೆಯದಕ್ಕಿಂತ ತುಸು ಹೆಚ್ಚಾಗಿರುತ್ತದೆ. ಪ್ರಶ್ನೆಪತ್ರಿಕೆಯ ಅಂಕಿಗಳು ಎಷ್ಟೋ ಸಲ ಕೈಗೆ ಬಂದಂತೆ ಬರೆದವಾಗಿರುವುದರಿಂದ ಉತ್ತರ ತಿರುವುಮುರುವಾಗಿ ಬಂದರೂ ಗಾಬರಿಪಟ್ಟು ಹೊಡೆದುಹಾಕಬೇಕಿಲ್ಲ.

ಅಮೆರಿಕದ ಇರ್ವಿಂಗ್ ಫಿಶರ್ 1922ರಲ್ಲಿ ನೂರಕ್ಕೂ ಹೆಚ್ಚು ಸೂತ್ರಗಳನ್ನು ಒರೆಗೆ ಹಚ್ಚಿ, ಮೇಲಿನ ಎರಡು ಉತ್ತರಗಳನ್ನು ಗುಣಿಸಿ ವರ್ಗಮೂಲ ತೆಗೆಯುವ ಸೂತ್ರವನ್ನು ಆದರ್ಶವೆಂದು ಕರೆದರು. ನಮ್ಮ ಲೆಕ್ಕದಲ್ಲಿ ಅದು 132.21. ಹಾಗೆ ಕರೆಯಲು ಕಾರಣ ಟೈಮ್ ರಿವರ್ಸಲ್, ಫ್ಯಾಕ್ಟರ್ ರಿವರ್ಸಲ್ ಎಂಬ ಎರಡು ಪರೀಕ್ಷೆಗಳು. ಮೊದಲನೆಯದರ ಪ್ರಕಾರ ಆಗಿನಿಂದ ಈಗಿಗೆ ಮತ್ತು ಈಗಿನಿಂದ ಆಗಿಗೆ ಕಟ್ಟಿದ ಸೂಚ್ಯಂಕಗಳನ್ನು 100ರ ಗುಣಕವಿಲ್ಲದೆ ಗುಣಿಸಿದರೆ ಸರಿಯಾಗಿ 1 ಬರಬೇಕು. ಲಾಸ್ಪಿಯರ್ ವಿಧಾನದಲ್ಲಿ 2,390/1,800 ಮತ್ತು 1,580/2,080ರ ಗುಣಲಬ್ಧ 1.0086, ಅಲ್ಪವಾದರೂ ತಪ್ಪು ತಪ್ಪೇ. ಫಿಶರ್ ಸೂತ್ರದಲ್ಲಿ ಎಲ್ಲ ಮೊತ್ತಗಳೂ ಮೇಲೆ ಕೆಳಗೆ ಹೊಡೆದುಹೋಗಿ 1 ಉಳಿಯುತ್ತದೆ. ಎರಡನೆಯದರಲ್ಲಿ ಬೆಲೆ ಸೂಚ್ಯಂಕವನ್ನು, ಅದೇ ಸೂತ್ರದಲ್ಲಿ ಬೆಲೆಗೆ ಬದಲು ಪ್ರಮಾಣಗಳನ್ನು ಹೋಲಿಸುವ ಪ್ರಮಾಣ ಸೂಚ್ಯಂಕದಿಂದ ಗುಣಿಸಿದರೆ ಒಟ್ಟು ಖರ್ಚಿನ ಅನುಪಾತ, ಅಂದರೆ 2,080/1,800 ದೊರೆಯಬೇಕು; ಫಿಶರ್ ಸೂತ್ರವು ಇದನ್ನೂ ದಾಟುತ್ತದೆ.

ಇಷ್ಟು ಆದರ್ಶವಾದ ಸೂತ್ರವಿರುವಾಗ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಸರ್ಕಾರ ಲಾಸ್ಪಿಯರ್ ಮಾದರಿಯನ್ನೇ ಏಕೆ ಹಿಡಿದಿದೆ ಎಂಬ ಪ್ರಶ್ನೆಯನ್ನು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಉತ್ತರ ಹೇಳಲು ಬರಬೇಕು. ಬೆಲೆಗಳನ್ನು ತಿಂಗಳು ತಿಂಗಳು ಮಾರುಕಟ್ಟೆಯಿಂದ ತರಬಹುದು. ಜನ ಏನನ್ನು ಎಷ್ಟು ಕೊಂಡರು ಎಂಬುದಕ್ಕೆ ಮಾತ್ರ ಮನೆಮನೆಯ ಖರ್ಚಿನ ಸಮೀಕ್ಷೆ ನಡೆಯಬೇಕು, ಅದಕ್ಕೆ ಕಾಲ ಹಿಡಿಯುತ್ತದೆ. ಹೀಗಾಗಿ ಹಿಂದಿನ ಸಮೀಕ್ಷೆಯ ಪ್ರಮಾಣಗಳನ್ನೇ ತೂಕವಾಗಿ ಬಳಸುವ ಲಾಸ್ಪಿಯರ್ ಮಾದರಿ ಅನುಕೂಲ, ಆದರೆ ಆ ತೂಕಗಳು ಬರಬರುತ್ತ ಹಳೆಯವಾಗುತ್ತವೆ. ಕೇಂದ್ರ ನೌಕರರ ತುಟ್ಟಿಭತ್ಯೆಗೆ ಆಧಾರವಾದ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಆಧಾರ ವರ್ಷ 2001ರಿಂದ 2016ಕ್ಕೆ ಬದಲಾದಾಗ ಆಹಾರ ಮತ್ತು ಪಾನೀಯಗಳ ತೂಕವು ನೂರಕ್ಕೆ ಸುಮಾರು 46ರಿಂದ 39ಕ್ಕೆ ಇಳಿಯಿತು. ಹೊಸ ಸರಣಿಯ ಅಂಕಿಯನ್ನು ಹಳೆಯದಕ್ಕೆ ಹೊಂದಿಸಲು 2.88 ಎಂಬ ಜೋಡಣೆ ಗುಣಕವಿದೆ. ಹೊಸದರಲ್ಲಿ 145 ಇದ್ದರೆ 2001ರ ಸರಣಿಯಲ್ಲಿ ಅದು 417.6 ಎಂದಾಗುತ್ತದೆ.

ಕೊನೆಯ ಹೆಜ್ಜೆ ನಿಜ ಸಂಬಳದ ಲೆಕ್ಕ, ಅಂದರೆ ಈಗಿನ ಸಂಬಳಕ್ಕೆ ಆಗಿನ ಬೆಲೆಗಳಲ್ಲಿ ಎಷ್ಟು ಮೌಲ್ಯ ಎಂಬುದು. ನಮ್ಮ ಮನೆಯ ಯಜಮಾನರ ಸಂಬಳ ಆಗ 20,000, ಈಗ 26,000 ಎಂದುಕೊಳ್ಳಿ. ಈಗಿನ ಸಂಬಳವನ್ನು 132.78ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 19,581 ರೂಪಾಯಿ ಬರುತ್ತದೆ. ಕೈಗೆ 6,000 ಹೆಚ್ಚು ಬಂದರೂ ಕೊಳ್ಳುವ ಶಕ್ತಿ 419 ರೂಪಾಯಿಯಷ್ಟು ಕುಗ್ಗಿದೆ. ಇದನ್ನು ವಾಕ್ಯದಲ್ಲಿ ಬರೆಯುವಾಗ ಅಂಶಕ್ಕೂ ಶೇಕಡಾವಾರಿಗೂ ಇರುವ ವ್ಯತ್ಯಾಸವನ್ನು ಮರೆಯಬಾರದು. ಸೂಚ್ಯಂಕ 140ರಿಂದ 147ಕ್ಕೆ ಏರಿದರೆ ಹೆಚ್ಚಳ 7 ಅಂಶ, ಏರಿಕೆಯ ದರ ಶೇ 5. ಶೇ 7 ಎಂದು ಬರೆದರೆ ಅಂಕ ಹೋಗುತ್ತದೆ.