ಓಪನ್‌ಎಲ್‌ಡ್ಯಾಪ್ ಕೈಪಿಡಿಯನ್ನು ಓಡಿಸಿ ತಿದ್ದಿದ್ದು

ಬಳಕೆದಾರರ ಖಾತೆ, ಪಾಸ್‌ವರ್ಡ್‌ಗಳನ್ನು ಒಂದೆಡೆ ಇಡುವ ಡೈರೆಕ್ಟರಿ ಸಾಫ್ಟ್‌ವೇರ್ ಓಪನ್‌ಎಲ್‌ಡ್ಯಾಪ್. ಅದಕ್ಕೆ ನಮ್ಮಲ್ಲಿ ಸುಮಾರು 140 ಪುಟ ಇದ್ದ ಅಡ್ಮಿನ್ ಕೈಪಿಡಿ ಈಗ 38 ಪುಟಕ್ಕೆ ಇಳಿದಿದೆ. ಅದರೊಳಗಿನ ತೊಂಬತ್ತು ಚಿಲ್ಲರೆ ಕಮಾಂಡ್ ತುಣುಕುಗಳು ಪ್ರತಿ ರಾತ್ರಿ ಒಂದು ಖಾಲಿ ಸರ್ವರ್ ಮೇಲೆ ತಾವೇ ಓಡುತ್ತವೆ. ಯಾವುದು ಹಸಿರು, ಯಾವುದು ಕೆಂಪು ಎಂಬ ಪಟ್ಟಿ ಬೆಳಿಗ್ಗೆ ಬಂದು ಕೂತಿರುತ್ತದೆ. "ಡಾಕ್ಯುಮೆಂಟೇಶನ್‌ಗೂ ಟೆಸ್ಟ್ ಬರೀತಾರೇನ್ರೀ" ಎಂದು ನಕ್ಕವರೇ ಈಗ ಸ್ಕ್ರಿಪ್ಟ್ ಕೊಡಿ ಎನ್ನುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಡಿಎನ್ ಎಂದರೆ ಎಂಟ್ರಿಯ ಪೂರ್ತಿ ಹೆಸರು, ಎಲ್‌ಡಿಐಎಫ್ ಎಂದರೆ ಎಂಟ್ರಿಗಳನ್ನು ಬರೆಯುವ ಟೆಕ್ಸ್ಟ್ ರೂಪ, ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಓಪನ್‌ಎಲ್‌ಡ್ಯಾಪ್‌ನ ಸರ್ವರ್ ಸ್ಲ್ಯಾಪ್‌ಡಿ ಜೊತೆ ಒಂದೆರಡು ರಾತ್ರಿಯಾದರೂ ನಿದ್ದೆಗೆಟ್ಟವರಿಗೆ ಇದು.

ಹಳೆಯ ಕೈಪಿಡಿಯಲ್ಲಿ ಮೂರು ಕಾಲದ ಮಾತು ಒಂದರ ಮೇಲೊಂದು ಕೂತಿತ್ತು. ತಳದಲ್ಲಿ ಸ್ಲ್ಯಾಪ್‌ಡಿ.ಕಾನ್ಫ್ ಕಾಲದ್ದು: ಫೈಲ್ ತಿದ್ದು, ರೀಸ್ಟಾರ್ಟ್ ಮಾಡು. ಅದರ ಮೇಲೆ ಎಚ್‌ಡಿಬಿ ಎಂಬ ಹಳೆಯ ಡೇಟಾಬೇಸ್ ಕಾಲದ್ದು: ಡಿಬಿ_ಕಾನ್ಫಿಗ್ ಫೈಲಿನಲ್ಲಿ ಕ್ಯಾಶ್ ಎಷ್ಟಿಡಬೇಕು, ಲಾಗ್ ಫೈಲ್ ಯಾವಾಗ ಅಳಿಸಬೇಕು, ಡಿಬಿ_ರಿಕವರ್ ಹೇಗೆ ಓಡಿಸಬೇಕು. ಎಲ್ಲಕ್ಕೂ ಮೇಲೆ ಸಿಎನ್=ಕಾನ್ಫಿಗ್ (ಡೈರೆಕ್ಟರಿಯೊಳಗೇ ಇಟ್ಟ ಸೆಟ್ಟಿಂಗ್‌ಗಳು) ಬಗ್ಗೆ ಯಾರೋ ಅರ್ಧ ಬರೆದು ಬಿಟ್ಟದ್ದು. ಎಲ್ಲವೂ ಓಪನ್‌ಎಲ್‌ಡ್ಯಾಪ್ 2.4ಕ್ಕೆ ಬರೆದದ್ದು. 2.5ರಲ್ಲಿ ಬಿಡಿಬಿ, ಎಚ್‌ಡಿಬಿ ಎರಡನ್ನೂ ಕಿತ್ತು ಹಾಕಿದ ಮೇಲೆ ಆ ಹನ್ನೊಂದು ಪುಟ ಟ್ಯೂನಿಂಗ್‌ಗೆ ಅರ್ಥವೇ ಉಳಿದಿರಲಿಲ್ಲ. ಈಗಿನ ಡೇಟಾಬೇಸ್ ಎಂಡಿಬಿಗೆ ಡಿಬಿ_ಕಾನ್ಫಿಗ್ ಬೇಕಿಲ್ಲ. ಆದರೂ ಹೊಸಬರು ಅದನ್ನು ಓದಿ, ಇಲ್ಲದ ಫೈಲ್ ಹುಡುಕಿ, ಸಿಗದಿದ್ದರೆ ತಾವೇ ಸೃಷ್ಟಿಸಿ, ಕ್ಯಾಶ್ ಹೆಚ್ಚಿಸಿದೆವು ಎಂದು ಟಿಕೆಟ್ ಮುಚ್ಚುತ್ತಿದ್ದರು.

ಮೊದಲು ಮಾಡಿದ್ದು ವಿಕಿಗೆ ಸಾಗಿಸುವ ಕೆಲಸ. ಒಬ್ಬ ಟ್ರೈನಿಗೆ ಒಂದು ತಿಂಗಳು, ಹದಿನೈದು ಸಾವಿರ ಸ್ಟೈಪೆಂಡ್. ಪುಟಗಳು ಲಕಲಕ ಹೊಳೆದವು, ಎಲ್‌ಡಿಐಎಫ್ ಎಲ್ಲಾ ಸತ್ತಿತ್ತು. ಉದ್ದ ಸಾಲು ಮುರಿದು ಮುಂದಿನ ಸಾಲಿಗೆ ಹೋದಾಗ ಮೊದಲಿಗೆ ಒಂದು ಖಾಲಿ ಜಾಗ ಇರಬೇಕಲ್ಲ, ವಿಕಿ ಅದನ್ನೇ ನುಂಗಿತ್ತು. ನೇರ ಉದ್ಧರಣ ಚಿಹ್ನೆಗಳು ಬಾಗಿದವು, ಆಪ್ಷನ್‌ಗಳ ಮುಂದಿನ ಸಣ್ಣ ಗೆರೆ ಉದ್ದ ಗೆರೆಯಾಯಿತು. ಸಾಲಿನ ಕೊನೆಗೆ ಅಂಟಿಕೊಂಡ ಖಾಲಿ ಜಾಗ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಎಂಟ್ರಿ ತಿದ್ದುವ ಎಲ್‌ಡ್ಯಾಪ್‌ಮಾಡಿಫೈ ಕಮಾಂಡಿನ ಕಣ್ಣಿಗೆ ಬೀಳುತ್ತದೆ. ಆಮೇಲೆ ಹೊರಗಿನ ಒಬ್ಬ ಟೆಕ್ನಿಕಲ್ ರೈಟರ್ ಹತ್ತಿರ ಕೇಳಿದೆವು. ಪುಟಕ್ಕೆ ಮುನ್ನೂರೈವತ್ತು, ಒಟ್ಟು ಐವತ್ತು ಸಾವಿರದ ಹತ್ತಿರ ಹತ್ತಿರ. ಕೊಟ್ಟಿದ್ದರೆ ಭಾಷೆ ಚೆನ್ನಾಗುತ್ತಿತ್ತು, ತಪ್ಪುಗಳು ಚೆಂದವಾಗಿ ಉಳಿಯುತ್ತಿದ್ದವು. ಮೂರನೆಯದು, ನಾವು ಮೂವರು ಕೂತು ಓದಿ ಗುರುತು ಹಾಕಿದ್ದು. ಗೊತ್ತಿದ್ದವರು ಓದಿದರೆ ತಪ್ಪು ಕಾಣುವುದೇ ಇಲ್ಲ, ಪುಟದಲ್ಲಿ ಇಲ್ಲದ್ದನ್ನು ತಲೆಯೇ ತುಂಬಿಕೊಳ್ಳುತ್ತದೆ.

ಕೊನೆಗೆ ಕೆಲಸ ಮಾಡಿದ ವಿಧಾನಕ್ಕೆ ಖರ್ಚು ಎಂದರೆ ಮೂಲೆಯಲ್ಲಿ ಬಿದ್ದಿದ್ದ 8 ಜಿಬಿ ರ‍್ಯಾಮ್‌ನ ಒಂದು ಹಳೆ ಡಬ್ಬ, ಐದಾರು ವಾರ ದಿನಕ್ಕೆ ಎರಡು ಗಂಟೆ. ಎಲ್ಲವನ್ನೂ ಸಾದಾ ಟೆಕ್ಸ್ಟ್ ಫೈಲಿಗೆ ಇಳಿಸಿದೆ. ಪ್ರತಿ ಕಮಾಂಡ್ ತುಣುಕಿನ ತಲೆಯ ಮೇಲೆ ಒಂದು ಅಂಕಿ, ಅಷ್ಟೇ: ಇದು ಓಡಿ ಮುಗಿದಾಗ ಬರಬೇಕಾದ ಎಕ್ಸಿಟ್ ಕೋಡ್, ಸೊನ್ನೆ ಬಂದರೆ ಗೆದ್ದಿತು ಎಂದು ಶೆಲ್‌ನ ಲೆಕ್ಕ. ಎಲ್‌ಡ್ಯಾಪ್ ಟೂಲ್‌ಗಳು ಸರ್ವರ್ ಕೊಟ್ಟ ರಿಸಲ್ಟ್ ಕೋಡನ್ನೇ ಶೆಲ್‌ಗೂ ದಾಟಿಸುತ್ತವೆ. ಪಾಸ್‌ವರ್ಡ್ ತಪ್ಪಾದರೆ 49, ಎಂಟ್ರಿ ಇಲ್ಲದಿದ್ದರೆ 32, ಮೊದಲೇ ಇದ್ದರೆ 68, ಎಂಟ್ರಿಯ ಬಗೆ ಹೇಳುವ ಆಬ್ಜೆಕ್ಟ್‌ಕ್ಲಾಸ್ ನಿಯಮ ಮುರಿದರೆ 65. ಹಾಗಾಗಿ "ಇದು ಸೋಲಬೇಕು" ಎಂಬ ತುಣುಕನ್ನೂ ಕೈಪಿಡಿಯಲ್ಲಿ ಇಡಬಹುದು. ಅನಾನಿಮಸ್ ಬರವಣಿಗೆ ಒಳಗೆ ಬಿಡಬಾರದು ಎಂದು ಪುಟ ಹೇಳಿದರೆ, ಬಿಡಲಿಲ್ಲ ಎಂದು ಯಂತ್ರವೇ ಸಾಕ್ಷಿ ಹೇಳಬೇಕು.

ಪ್ರತಿ ಪುಟಕ್ಕೂ ಹೊಸ ಕಂಟೇನರ್, ಅಂದರೆ ಅದೇ ಡಬ್ಬದೊಳಗೆ ಪ್ರತ್ಯೇಕವಾಗಿ ಓಡುವ ಪುಟ್ಟ ಖಾಲಿ ಸಿಸ್ಟಮ್. ತೀರಾ ಚಿಕ್ಕ ಕಾನ್ಫಿಗ್ ಒಂದನ್ನು ಸ್ಲ್ಯಾಪ್‌ಆಡ್ -ಎನ್ 0 ಮೂಲಕ ತುಂಬಿ, ನೂರಿನ್ನೂರು ನಕಲಿ ಎಂಟ್ರಿ ಹಾಕಿ, ಪುಟದ ತುಣುಕುಗಳನ್ನು ಮೇಲಿನಿಂದ ಕೆಳಕ್ಕೆ ಓಡಿಸುವುದು. ಎಂಡಿಬಿಯಲ್ಲಿ ಇರುವುದೇ ಡೇಟಾ.ಎಂಡಿಬಿ, ಲಾಕ್.ಎಂಡಿಬಿ ಎರಡು ಫೈಲ್, ಹಾಗಾಗಿ ಅಳಿಸಿ ಮತ್ತೆ ಎಬ್ಬಿಸಲು ನಾಲ್ಕೈದು ಸೆಕೆಂಡ್ ಸಾಕು. ಇಡೀ ಕೈಪಿಡಿ ಏಳೆಂಟು ನಿಮಿಷದಲ್ಲಿ ಮುಗಿಯುತ್ತದೆ. ಮೊದಲ ರಾತ್ರಿ ಅರ್ಧಕ್ಕಿಂತ ಹೆಚ್ಚು ಕೆಂಪು ಬಂತು. ಅದರಲ್ಲಿ ದೊಡ್ಡ ಪಾಲು ಒಂದೇ ಕಾರಣಕ್ಕೆ. ಡೇಟಾ ತುಂಬುವ ಸ್ಲ್ಯಾಪ್‌ಆಡ್ ಅಥವಾ ಇಂಡೆಕ್ಸ್ ಕಟ್ಟುವ ಸ್ಲ್ಯಾಪ್‌ಇಂಡೆಕ್ಸ್ ಅನ್ನು ರೂಟ್ ಆಗಿ ಓಡಿಸಿದರೆ ಫೈಲ್‌ಗಳ ಯಜಮಾನ ರೂಟ್ ಆಗುತ್ತಾನೆ, ಆಮೇಲೆ ಸ್ಲ್ಯಾಪ್‌ಡಿ ತನ್ನ ಯೂಸರ್ ಹೆಸರಲ್ಲಿ ಏಳಲು ಹೋಗಿ ಮುಗ್ಗರಿಸುತ್ತದೆ. ಡೆಬಿಯನ್ ಕಡೆ ಆ ಯೂಸರ್ ಓಪನ್‌ಎಲ್‌ಡ್ಯಾಪ್, ರೆಡ್‌ಹ್ಯಾಟ್ ಕಡೆ ಎಲ್‌ಡ್ಯಾಪ್, ದಾರಿಗಳೂ ಬೇರೆ. ಹಳೆಯ ಕೈಪಿಡಿ ಒಂದೇ ಪುಟದಲ್ಲಿ ಎರಡನ್ನೂ ಬೆರೆಸಿತ್ತು. ಈಗ ಪುಟದ ತಲೆಯಲ್ಲಿ ಎರಡು ವೇರಿಯಬಲ್, ಕೆಳಗೆ ಎಲ್ಲೂ ನೇರ ದಾರಿ ಬರೆಯುವಂತಿಲ್ಲ. ಇಂಡೆಕ್ಸ್ ಪುಟದಿಂದ ಸ್ಲ್ಯಾಪ್‌ಇಂಡೆಕ್ಸನ್ನೇ ಎತ್ತಿಬಿಟ್ಟೆ. ಸಿಎನ್=ಕಾನ್ಫಿಗ್ ಮೂಲಕ ಓಎಲ್‌ಸಿ-ಡಿಬಿಇಂಡೆಕ್ಸ್ ಎಂಬ ಸೆಟ್ಟಿಂಗ್ ಸೇರಿಸಿದರೆ ಸರ್ವರ್ ಓಡುತ್ತಿರುವಾಗಲೇ ಹಿನ್ನೆಲೆಯಲ್ಲಿ ಇಂಡೆಕ್ಸ್ ಕಟ್ಟುತ್ತದೆ. ನಿಲ್ಲಿಸಿ ರೂಟ್ ಆಗಿ ಓಡಿಸುವ ಹಳೆಯ ವಿಧಿ ಆಪತ್ತಿಗೆ ಆಹ್ವಾನ.

ಇನ್ನೊಂದಷ್ಟು ಕೆಂಪು ಸಣ್ಣಪುಟ್ಟದ್ದು. ಚಿಕ್ಕ ಎಚ್ ಆಪ್ಷನ್ ಹೊಸ ಟೂಲ್‌ಗಳಲ್ಲಿ ಇಲ್ಲ, ದೊಡ್ಡ ಎಚ್ ಕೊಟ್ಟು ಪೂರ್ತಿ ವಿಳಾಸ ಬರೆಯಬೇಕು. ಒಂದಕ್ಕಿಂತ ಹೆಚ್ಚು ಸರ್ವರ್‌ಗಳಲ್ಲಿ ಬರೆಯಲು ಬಿಡುವ ಮಿರರ್‌ಮೋಡ್ ಸೆಟ್ಟಿಂಗಿನ ಹೆಸರು ಈಗ ಮಲ್ಟಿಪ್ರೊವೈಡರ್. ಇವನ್ನು ಒಂದು ಸಂಜೆಯಲ್ಲಿ ಹುಡುಕಿ ಬದಲಿಸಿ ಮುಗಿಸಿದೆ.

ನಿಜವಾಗಿ ಬೆವರಿಳಿಸಿದ್ದು ಹಸಿರು ತೋರಿಸಿದ ತಪ್ಪುಗಳು. ಯಾರು ಏನು ನೋಡಬಹುದು, ತಿದ್ದಬಹುದು ಎಂಬ ನಿಯಮಗಳ ಪಟ್ಟಿ, ಎಸಿಎಲ್, ಅದರ ಪುಟ ನೋಡಿ: ಹೊಸ ಓಎಲ್‌ಸಿ-ಆಕ್ಸೆಸ್ ನಿಯಮ ಸೇರಿಸು ಎನ್ನುತ್ತದೆ, ಅಂಕಿ ಕೊಟ್ಟಿಲ್ಲ. ಅಂಕಿ ಇಲ್ಲದಿದ್ದರೆ ಅದು ಪಟ್ಟಿಯ ಕೊನೆಗೆ ಹೋಗಿ ಕೂರುತ್ತದೆ. ಅದಕ್ಕೂ ಮುಂಚೆ "ಎಲ್ಲದಕ್ಕೂ" ಎನ್ನುವ ನಿಯಮ ಒಂದಿದ್ದರೆ ಸ್ಲ್ಯಾಪ್‌ಡಿ ಅಲ್ಲಿಗೇ ನಿಂತುಬಿಡುತ್ತದೆ, ಹೊಸ ನಿಯಮ ಜನ್ಮದಲ್ಲಿ ಒಮ್ಮೆಯೂ ಓದಿಸಿಕೊಳ್ಳುವುದಿಲ್ಲ. ಎಲ್‌ಡ್ಯಾಪ್‌ಮಾಡಿಫೈ ಮಾತ್ರ ಸೊನ್ನೆ ಕೊಟ್ಟು ನಗುತ್ತಿರುತ್ತದೆ. ಆದ್ದರಿಂದ ಈಗ ಏನನ್ನಾದರೂ ಬದಲಿಸುವ ಪ್ರತಿ ತುಣುಕಿನ ಕೆಳಗೆ ಅದು ಆಯಿತೇ ಎಂದು ಕೇಳುವ ಇನ್ನೊಂದು ತುಣುಕು ಕಡ್ಡಾಯ. ಎಸಿಎಲ್‌ಗೆ ಸ್ಲ್ಯಾಪ್‌ಎಸಿಎಲ್ ಸಾಕು, ಅಲೌಡ್ ಅಥವಾ ಡಿನೈಡ್ ಎಂದು ಹೇಳಿಬಿಡುತ್ತದೆ. ಎಲ್‌ಡ್ಯಾಪ್‌ಸರ್ಚ್ ಈ ಕೆಲಸಕ್ಕೆ ಬರುವುದಿಲ್ಲ: ಹುಡುಕಿದ್ದು ಒಂದೂ ಸಿಗದಿದ್ದರೂ ಎಕ್ಸಿಟ್ ಕೋಡ್ ಸೊನ್ನೆಯೇ. ಎಲ್‌ಡ್ಯಾಪ್‌ಕಂಪೇರ್ ಬಳಸುವವರು ನೆನಪಿಡಿ, ನಿಜವಾದರೆ 6, ಸುಳ್ಳಾದರೆ 5. ಶೆಲ್ ಎರಡನ್ನೂ ಸೋಲು ಎಂದೇ ಎಣಿಸುತ್ತದೆ. ಇದು ತಿಳಿಯುವ ಮುಂಚೆ ಎರಡು ರಾತ್ರಿ ಸರಿಯಾದ ಪುಟವನ್ನೇ ತಿದ್ದುತ್ತಿದ್ದೆ.

ಈಗ ಕೈಪಿಡಿಯಲ್ಲಿ ಎಲ್ಲಕ್ಕಿಂತ ಉದ್ದದ ಪುಟದ ಹೆಸರು "80". ಅಧ್ಯಾಯಗಳನ್ನು ವಿಷಯದ ಪ್ರಕಾರ ಜೋಡಿಸುವುದು ಬಿಟ್ಟು, ಪರದೆಯ ಮೇಲೆ ಕಾಣುವ ಎರರನ್ನೇ ತಲೆಬರಹ ಮಾಡಿದ್ದೇನೆ. ರಾತ್ರಿ ಎರಡು ಗಂಟೆಗೆ ಯಾರೂ "ಅಧ್ಯಾಯ 7, ಪ್ರವೇಶ ನಿಯಂತ್ರಣ" ಎಂದು ಹುಡುಕುವುದಿಲ್ಲ, ಎರರನ್ನು ಕಾಪಿ ಮಾಡಿ ಹುಡುಕುತ್ತಾರೆ. 80 ಎಂದರೆ "ಬೇರೇನೋ" ಎಂದಷ್ಟೇ ಅರ್ಥ. ಆ ಬೇರೇನೋ ನಮ್ಮಲ್ಲಿ ಮೂರು ರೂಪದಲ್ಲಿ ಬಂದಿದೆ.

ಒಂದು, ಎಸಿಎಲ್ ಸಾಲು ಮುರಿದದ್ದು. "ಟು ಆಟ್ರ್ಸ್=ಯೂಸರ್‌ಪಾಸ್‌ವರ್ಡ್" ಎಂದು ಬರೆದು, ಮುಂದಿನ ಸಾಲನ್ನು ಒಂದೇ ಖಾಲಿ ಜಾಗ ಕೊಟ್ಟು "ಬೈ ಸೆಲ್ಫ್ ರೈಟ್" ಎಂದು ಶುರು ಮಾಡಿದರೆ, ಎಲ್‌ಡಿಐಎಫ್ ಆ ಒಂದು ಜಾಗವನ್ನು ಮಡಿಕೆಯ ಗುರುತು ಎಂದು ತಿಂದುಹಾಕುತ್ತದೆ. ಸರ್ವರ್‌ಗೆ ಸಿಗುವುದು "ಯೂಸರ್‌ಪಾಸ್‌ವರ್ಡ್‌ಬೈ". ಎರಡು ಜಾಗ ಬೇಕು, ಒಂದು ಮಡಿಕೆಗೆ, ಒಂದು ಪದಕ್ಕೆ. ಎರಡು, ಸಂಪರ್ಕವನ್ನು ಗುಪ್ತವಾಗಿಡುವ ಟಿಎಲ್‌ಎಸ್. ಸರ್ಟಿಫಿಕೇಟ್ ಮತ್ತು ಕೀ ದಾರಿಗಳನ್ನು ಒಂದೇ ಮಾಡಿಫೈನಲ್ಲಿ ಕೊಡಬೇಕು, ಒಂದನ್ನು ಕೊಟ್ಟು ಇನ್ನೊಂದನ್ನು ಆಮೇಲೆ ಕೊಡುತ್ತೇನೆಂದರೆ 80. ಕೀ ಫೈಲನ್ನು ಸ್ಲ್ಯಾಪ್‌ಡಿ ಯೂಸರ್ ಓದಲಾಗದಿದ್ದರೂ 80. ಡೆಬಿಯನ್ 12ರವರೆಗಿನ ಸ್ಲ್ಯಾಪ್‌ಡಿ ಗ್ನೂಟಿಎಲ್‌ಎಸ್ ಲೈಬ್ರರಿ ಜೊತೆ ಕಟ್ಟಿದ್ದು, ಓಪನ್‌ಎಸ್‌ಎಸ್‌ಎಲ್ ಶೈಲಿಯ ಸೈಫರ್ ಪಟ್ಟಿಯನ್ನು ಅಲ್ಲಿಗೆ ಅಂಟಿಸಿದರೆ ನಡೆಯುವುದಿಲ್ಲ. ಮೂರು, ಎಂಡಿಬಿ ತುಂಬಿಹೋದದ್ದು. ಮ್ಯಾಕ್ಸ್‌ಸೈಜ್ ಹೇಳದಿದ್ದರೆ ಸಿಗುವುದು ಬರೀ 10 ಎಂಬಿ. ಹಳೆಯ ಉದಾಹರಣೆಯಲ್ಲಿ ಆ ಸಾಲೇ ಇರಲಿಲ್ಲ. ಏಳೆಂಟು ಸಾವಿರ ಎಂಟ್ರಿ ತುಂಬಲು ಹೋದಾಗ ನಡುವೆ ನಿಂತು, ಲಾಗ್‌ನಲ್ಲಿ ಎಂಡಿಬಿ_ಮ್ಯಾಪ್_ಫುಲ್, -30792 ಎಂದು ಬಿತ್ತು. ಡಿಸ್ಕ್‌ನಲ್ಲಿ ನೂರು ಜಿಬಿ ಖಾಲಿ ಇತ್ತು.

32ಕ್ಕೂ ಹೀಗೇ ಒಂದು ಪುಟ. "ಡಿಎನ್ ತಪ್ಪು ಬರೆದಿದ್ದೀರಿ" ಎಂದಷ್ಟೇ ಹಳೆಯದು ಹೇಳುತ್ತಿತ್ತು. ಅರ್ಧ ಸತ್ಯ. ನೋಡುವ ಹಕ್ಕು ಇಲ್ಲದವರಿಗೆ ಎಂಟ್ರಿ ಇದೆ ಎಂಬುದನ್ನೂ ಸ್ಲ್ಯಾಪ್‌ಡಿ ಬಿಟ್ಟುಕೊಡುವುದಿಲ್ಲ, 50 (ಹಕ್ಕಿಲ್ಲ) ಅನ್ನುವ ಬದಲು 32 ಎನ್ನುತ್ತದೆ. ಸುಡೊ ಮರೆತು, ಅದೇ ಯಂತ್ರದೊಳಗಿನ ಸಂಪರ್ಕವಾದ ಎಲ್‌ಡ್ಯಾಪ್‌ಐ ಮೂಲಕ ಸಿಎನ್=ಕಾನ್ಫಿಗ್ ಕೇಳಿದಾಗ ಬರುವುದು ಇದೇ. ಪುಟದ ಮೊದಲ ತುಣುಕು ಈಗ ಎಲ್‌ಡ್ಯಾಪ್‌ಹೂಆಮ್‌ಐ. ಮೊದಲು ನೀನು ಯಾರು ಅಂತ ಕೇಳಿಕೋ.

ಅಪ್‌ಗ್ರೇಡ್ ಪುಟಕ್ಕೆ ಎರಡು ಕಂಟೇನರ್ ಬೇಕಾದವು: 2.4 ಇರುವ ಡೆಬಿಯನ್ 11, 2.6 ಇರುವ ಡೆಬಿಯನ್ 13. ಹಳೆಯ ಬೈನರಿ ಇರುವಾಗಲೇ ಸ್ಲ್ಯಾಪ್‌ಕ್ಯಾಟ್ ಓಡಿಸಿ ಎಲ್ಲದರ ಡಂಪ್ ತೆಗೆದಿಡಬೇಕು, ಪ್ಯಾಕೇಜ್ ಬದಲಾದ ಮೇಲೆ ಎಚ್‌ಡಿಬಿ ಫೈಲನ್ನು ಓದುವವರು ಯಾರೂ ಇರುವುದಿಲ್ಲ. ಆಮೇಲೆ ಕಾನ್ಫಿಗ್ ಡಂಪ್‌ನಲ್ಲಿ ಎಚ್‌ಡಿಬಿ ಇದ್ದಲ್ಲೆಲ್ಲ ಎಂಡಿಬಿ, ಮಾಡ್ಯೂಲ್ ಹೆಸರೂ ಸೇರಿ. ಓಎಲ್‌ಸಿ-ಡಿಬಿಕಾನ್ಫಿಗ್, ಕ್ಯಾಶ್‌ಸೈಜ್ ಸಾಲುಗಳು ಔಟ್, ಮ್ಯಾಕ್ಸ್‌ಸೈಜ್ ಇನ್. ಪಾಸ್‌ವರ್ಡ್ ನಿಯಮಗಳ ಪಿಪಾಲಿಸಿ ಸ್ಕೀಮಾ ಎಂಟ್ರಿಯನ್ನೂ ತೆಗೆಯಬೇಕು, 2.5ರಿಂದ ಅದು ಓವರ್‌ಲೇ (ಹೆಚ್ಚುವರಿ ಮಾಡ್ಯೂಲ್) ಒಳಗೇ ಇದೆ, ಎರಡು ಸಲ ಬಂದರೆ ಸರ್ವರ್ ಏಳುವುದಿಲ್ಲ. ಸೆಡ್ ಕಮಾಂಡಿನಿಂದ ಹುಡುಕಿ ಬದಲಿಸಿದರೂ ಒಂದು ಎಚ್‌ಡಿಬಿ ಉಳಿಯುತ್ತಲೇ ಇತ್ತು. ಸಾಲು ಮಡಿಸಿದಲ್ಲಿ "ಎಚ್" ಮೇಲೆ, "ಡಿಬಿ" ಕೆಳಗೆ! ಸ್ಲ್ಯಾಪ್‌ಕ್ಯಾಟ್‌ಗೆ ಎಲ್‌ಡಿಐಎಫ್-ವ್ರ್ಯಾಪ್=ನೋ ಕೊಟ್ಟ ಮೇಲೆ ಸರಿಹೋಯಿತು. ಕೈಪಿಡಿಯ ಎಲ್ಲಾ ಉದಾಹರಣೆಗಳೂ ಈಗ ಮಡಿಸದ ಸಾಲುಗಳೇ. ಅಗಲ ಹೆಚ್ಚಾಗಿ ಪ್ರಿಂಟ್ ಕೆಡುತ್ತದೆ, ಕೆಡಲಿ.

ನಡುವೆ ದಾರಿ ತಪ್ಪಿ ಮಾಡಿದ್ದೊಂದಿದೆ. ಎಂಟ್ರಿಯಲ್ಲಿ ಹೆಸರು ಬರೆಯುವ ಸಿಎನ್‌ನಲ್ಲಿ ಕನ್ನಡ ಹೆಸರು ಹಾಕಿ ನೋಡಿದೆ. ಹಾಕಲು, ಹುಡುಕಲು ತೊಂದರೆಯೇನೂ ಇಲ್ಲ, ಆದರೆ ಹೊರಗೆ ಬರುವಾಗ ಎರಡು ಕೋಲನ್ ಹಾಕಿ, ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬರೆಯುವ ಬೇಸ್64ನಲ್ಲಿ ಬರುತ್ತದೆ. ಒಂದು ಕನ್ನಡ ಅಕ್ಷರಚಿಹ್ನೆಗೆ ಯುಟಿಎಫ್-8ರಲ್ಲಿ ಮೂರು ಬೈಟ್, ಬೇಸ್64ನಲ್ಲಿ ಸರಿಯಾಗಿ ನಾಲ್ಕು. ಹಾಗಾಗಿ ಮೊದಲ ಖಾಲಿ ಜಾಗ ಬರುವವರೆಗೆ ಪ್ರತಿ ನಾಲ್ಕೂ "4ಎಲ್‌ಕೆ" ಅಥವಾ "4ಎಲ್‌ಓ" ಇಂದಲೇ ಶುರು. "ಕ" ಎಂದರೆ "4ಎಲ್‌ಕೆವಿ". ಡಂಪ್ ನೋಡುತ್ತಾ ಡಿಕೋಡ್ ಮಾಡದೆಯೇ ಇದು ಕನ್ನಡ ಹೆಸರು ಎಂದು ಹೇಳಬಹುದು. ಕೈಪಿಡಿಗೆ ಇದರಿಂದ ಕಾಸಿನ ಲಾಭವಿಲ್ಲ, ಆದರೂ ಒಂದು ತುಣುಕು ಸೇರಿಸಿದ್ದೇನೆ.

ಇನ್ನೊಂದು ಎಲ್‌ಡ್ಯಾಪ್ ಸರ್ವರ್ ಆದ 389 ಡೈರೆಕ್ಟರಿ ಸರ್ವರ್ ಮೇಲೂ ಇದೇ ಪ್ರಯೋಗ ಮಾಡಿದೆ. ಅಲ್ಲಿ ಹಳೆಯ ಪರ್ಲ್ ಸ್ಕ್ರಿಪ್ಟ್‌ಗಳ ಜಾಗಕ್ಕೆ ಡಿಎಸ್‌ಕ್ರಿಯೇಟ್, ಡಿಎಸ್‌ಸಿಟಿಎಲ್, ಡಿಎಸ್‌ಕಾನ್ಫ್ ಬಂದಿರುವುದರಿಂದ ಹಳೆಯ ಪುಟಗಳು ಒಂದೇ ರಾತ್ರಿಯಲ್ಲಿ ಸಾಲಾಗಿ ಕೆಂಪಾದವು. ಸರ್ವರ್ ಓಡುತ್ತಿರುವಾಗ ಅದರ ಕಾನ್ಫಿಗ್ ಫೈಲ್ ಡಿಎಸ್‌ಇ.ಎಲ್‌ಡಿಐಎಫ್ ತಿದ್ದಿದರೆ ಸರ್ವರ್ ತನ್ನ ನೆನಪಿನಲ್ಲಿರುವುದನ್ನೇ ಮತ್ತೆ ಬರೆದು ನಮ್ಮದನ್ನು ಅಳಿಸುತ್ತದೆ, ಆ ಎಚ್ಚರಿಕೆ ಒಂದೂ ಪುಟದಲ್ಲಿ ಇರಲಿಲ್ಲ. ಡಿಎಸ್‌ಸಿಟಿಎಲ್‌ನ ಹೆಲ್ತ್‌ಚೆಕ್ ಮಾತ್ರ ನೋಡಿ ಹೊಟ್ಟೆಕಿಚ್ಚಾಯಿತು. ಸ್ಲ್ಯಾಪ್‌ಡಿಗೆ ಅಂಥದ್ದಿಲ್ಲ.

ಯಾವ ತುಣುಕಿಗೂ ಅಂಟಿಕೊಳ್ಳದ, ಯಾವ ಎರರನ್ನೂ ವಿವರಿಸದ ಪ್ಯಾರಾಗಳನ್ನು ಹುಡುಕಲು ಹತ್ತು ಸಾಲಿನ ಆಕ್ ಸ್ಕ್ರಿಪ್ಟ್ ಒಂದಿದೆ. ನೂರು ಪುಟ ಹೋದದ್ದು ಅದರಿಂದಲೇ. ಅದನ್ನು ಇಲ್ಲಿ ಹಾಕುವುದಿಲ್ಲ, ಇನ್ನೆರಡು ಕಡೆ ಬಳಸುವುದಿದೆ. ಕಂಟೇನರ್‌ಗಳನ್ನು ಒಟ್ಟೊಟ್ಟಿಗೆ ಓಡಿಸಿ ಸಮಯ ಉಳಿಸುವ ಉಪಾಯವೂ ನನ್ನ ಹತ್ತಿರವೇ ಇರಲಿ.

ಒಂದು ಪುಟ ಮಾತ್ರ ಬಗ್ಗಿಲ್ಲ, ರೆಪ್ಲಿಕೇಶನ್, ಅಂದರೆ ಸರ್ವರ್‌ಗಳು ಪರಸ್ಪರ ಡೇಟಾ ನಕಲಿಸಿಕೊಳ್ಳುವುದು. ಎರಡು ಪ್ರೊವೈಡರ್ ಎಬ್ಬಿಸಿ, ಬೇರೆ ಬೇರೆ ಸರ್ವರ್‌ಐಡಿ ಕೊಟ್ಟು, ಎರಡರ ಕಾಂಟೆಕ್ಸ್ಟ್‌ಸಿಎಸ್‌ಎನ್ (ಕೊನೆಯ ಬದಲಾವಣೆಯ ಗುರುತು) ಒಂದೇ ಆಗುವವರೆಗೆ ಕಾಯುವ ತುಣುಕು ಓಡುತ್ತದೆ. ಆದರೆ ನಿಜವಾದ ಸೈಟ್‌ಗಳಲ್ಲಿ ಕೈಕೊಡುವುದು ಗಡಿಯಾರ. ಪ್ರತಿ ಬದಲಾವಣೆಗೆ ಸಿಗುವ ಗುರುತು ಸಿಎಸ್‌ಎನ್ ಶುರುವಾಗುವುದೇ ಸಮಯದಿಂದ, ಮುಂದೆ ಓಡುವ ಗಡಿಯಾರದ ಸರ್ವರ್ ಬರೆದದ್ದೇ ಗೆಲ್ಲುತ್ತದೆ, ಇನ್ನೊಂದು ಕಡೆ ಆಮೇಲೆ ಮಾಡಿದ ಬದಲಾವಣೆ ಸದ್ದಿಲ್ಲದೆ ಮಾಯ. ಕಂಟೇನರ್‌ಗಳಿಗೆಲ್ಲ ಒಂದೇ ಕರ್ನಲ್‌ನ ಒಂದೇ ಗಡಿಯಾರ, ಅಲ್ಲಿ ಈ ತಪ್ಪು ತಾನಾಗಿ ಹುಟ್ಟುವುದಿಲ್ಲ. ಎರಡು ಪೂರ್ತಿ ವರ್ಚುವಲ್ ಮೆಷಿನ್ ಬೇಕು, ಹಳೆ ಡಬ್ಬದ 8 ಜಿಬಿ ಅದಕ್ಕೆ ಸಾಲುತ್ತಿಲ್ಲ. ಇನ್ನೊಂದು ರ‍್ಯಾಮ್ ಕಡ್ಡಿ ಸಿಗುವವರೆಗೆ ಆ ಪುಟದ ನೆತ್ತಿಯ ಮೇಲೆ "ಓಡಿಸಿ ನೋಡಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ.